ಒಂದು ದಿನ, ಒಂದೇ ಊರು: ರೋಮಿನಿಂದ ಓರ್ವಿಯೆಟೊಗೆ ಹೋಗಿಬಂದ ನಮ್ಮ ಅನುಭವ

ಕಳೆದ ಮೇ ತಿಂಗಳಲ್ಲಿ ನಾವು ಮೂವರು ಇಟಲಿಗೆ ಹೋಗಿದ್ದೆವು. ನಾನು, ನಮ್ಮ ಮನೆಯವರು, ನಮ್ಮತ್ತೆ. ರೋಮ್, ಫ್ಲಾರೆನ್ಸ್, ವೆನಿಸ್ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ಅದನ್ನು ಬಿಡುತ್ತೇನೆ. ನಾನು ಬರೆಯುವುದು ಆ ಪ್ರವಾಸದ ಒಂದು ದಿನದ ಬಗ್ಗೆ ಮಾತ್ರ. ರೋಮಿನಿಂದ ಬೆಳಗ್ಗೆ ಹೊರಟು ಗುಡ್ಡದ ಮೇಲಿನ ಒಂದು ಹಳೇ ಊರು ನೋಡಿ ರಾತ್ರಿ ವಾಪಸ್ ಬಂದೆವು. ಹತ್ತು ದಿನದಲ್ಲಿ ನಮ್ಮ ಮೂವರಿಗೂ ಜಾಸ್ತಿ ಖುಷಿ ಕೊಟ್ಟ ದಿನ ಅದೇ. ಮೈಸೂರು, ಮಂಡ್ಯ ಕಡೆಯಿಂದ ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರು ಈಗೀಗ ಜಾಸ್ತಿ ಆಗಿದ್ದಾರೆ, ಅವರಿಗೆ ಉಪಯೋಗ ಆಗಲಿ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಪ್ಲಾನ್ ಮಾಡಿಕೊಟ್ಟ ಏಜೆನ್ಸಿ ವಿಷಯ. ಮೈಸೂರಿನದೇ ಒಂದು ಟ್ರಾವೆಲ್ ಆಫೀಸು, ಹೆಸರು ಬೇಡ. ವೀಸಾ ಕೆಲಸ ಮಾತ್ರ ನಿಜಕ್ಕೂ ಚೆನ್ನಾಗಿ ಮಾಡಿಕೊಟ್ಟರು. ಬ್ಯಾಂಕ್ ಸ್ಟೇಟ್‌ಮೆಂಟ್, ಇನ್ಶೂರೆನ್ಸ್, ಹೋಟೆಲ್ ಬುಕಿಂಗ್ ಎಲ್ಲಾ ಜೋಡಿಸಿ ಫೈಲು ಮಾಡಿ ಕೊಟ್ಟರು. ಬೆರಳಚ್ಚು ಕೊಡಲು ಬೆಂಗಳೂರಿಗೆ ಒಂದು ಸಲ ಹೋಗಿಬಂದೆವು, ಅಷ್ಟೇ. ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಕೆಟ್ಟದ್ದು ದಿನದ ಪ್ಲಾನು. ನಮ್ಮತ್ತೆಗೆ ಗುಡ್ಡದ ಮೇಲಿನ ಊರು ನೋಡಬೇಕು ಅಂತ ಆಸೆ ಅಂದಿದ್ದಕ್ಕೆ ಅವರು ಕಳಿಸಿದ್ದು ಒಂದು ಬಸ್ ಟೂರು: ರೋಮಿನಿಂದ ಅಸ್ಸೀಸಿ, ಅಲ್ಲಿಂದ ಓರ್ವಿಯೆಟೊ, ಅಲ್ಲಿಂದ ವಾಪಸ್ ರೋಮ್, ಎಲ್ಲಾ ಒಂದೇ ದಿನ. ನಮ್ಮ ಮನೆಯವರು ಮ್ಯಾಪಲ್ಲಿ ಲೆಕ್ಕ ಹಾಕಿದರು. ಹತ್ತಿರ ಹತ್ತಿರ ಆರು ಗಂಟೆ ಬಸ್ಸಿನಲ್ಲೇ ಕೂರಬೇಕು, ಓರ್ವಿಯೆಟೊದಲ್ಲಿ ಸಿಗುವುದು ಒಂದೂವರೆ ಗಂಟೆ.

ಇದು ನಮಗೆ ಗೊತ್ತಿರುವ ಕಥೆಯೇ. ಸೋಮನಾಥಪುರ, ತಲಕಾಡು, ಶಿವನಸಮುದ್ರ ಎಲ್ಲಾ ಒಂದೇ ದಿನ ತೋರಿಸಿಬಿಡುವ ಟೆಂಪೋ ಟ್ರಾವೆಲರ್ ನೋಡಿದ್ದೀವಲ್ಲ, ಅದೇ. ಗೋಡೆಯ ಮೇಲಿನ ಒಂದು ಶಿಲ್ಪದ ಮುಂದೆ ನಿಂತು ಇದೇನು ಅಂತ ಕೇಳುವಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆಯುತ್ತಾರೆ. ಒಂದೇ ಊರು ಸಾಕು ಅಂತ ನಾನು ಹೇಳಿದೆ. "ಮೇಡಂ, ಅಷ್ಟು ದುಡ್ಡು ಹಾಕಿ ಹೋಗ್ತಿದ್ದೀರಾ, ಒಂದೇ ಊರು ನೋಡಿದ್ರೆ ಲಾಸ್ ಅಲ್ವಾ?" ಅಂದರು. ನನಗೆ ಬೇಜಾರಾಗಿದ್ದು ಆ ಮಾತಿಗೆ. ನಮ್ಮತ್ತೆಗೆ ಎಪ್ಪತ್ತು ವರ್ಷ, ಎರಡೂ ಮಂಡಿ ನೋವು, ಅದನ್ನು ಮೊದಲ ದಿನವೇ ಹೇಳಿದ್ದೆ. ಬಸ್ ಟೂರ್ ಕ್ಯಾನ್ಸಲ್ ಮಾಡಿ ಅಂದಾಗ ಅದಕ್ಕೆ ಅಂತ ತಗೊಂಡಿದ್ದ ಅಡ್ವಾನ್ಸ್ ವಾಪಸ್ ಬರಲಿಲ್ಲ. ಪ್ರವಾಸಕ್ಕೆ ಎರಡು ತಿಂಗಳು ಇತ್ತು, ಆದರೂ ಕೊಡಲಿಲ್ಲ. ಏಜೆನ್ಸಿಗೆ ದುಡ್ಡು ಕಟ್ಟುವ ಮುಂಚೆ, ಒಂದು ದಿನದ ಟೂರ್ ಬೇಡ ಅಂದರೆ ಎಷ್ಟು ವಾಪಸ್ ಅಂತ ಬರೆಸಿಕೊಳ್ಳಿ. ವೀಸಾಗೆ 5ಕ್ಕೆ 5, ಪ್ಲಾನಿಗೆ 5ಕ್ಕೆ 1.

ಆಮೇಲೆ ನಾವೇ ಕೂತು ಊರು ಹುಡುಕಿದೆವು. ಇಟಲಿಯ ನಡು ಭಾಗದಲ್ಲಿ ಗುಡ್ಡದ ಮೇಲಿನ ಊರುಗಳಿಗೆ ಲೆಕ್ಕವಿಲ್ಲ. ಆದರೆ ಕಾರಿಲ್ಲದೆ, ಮಂಡಿ ನೋವಿನವರ ಜೊತೆ ಹೋಗುವುದಕ್ಕೆ ಆಗುವಂಥವು ಕಡಿಮೆ. ಗೋಪುರಗಳ ಊರು ಸಾನ್ ಜಿಮಿನ್ಯಾನೊ ಫೋಟೋದಲ್ಲಿ ತುಂಬಾ ಚೆಂದ, ಆದರೆ ಅಲ್ಲಿಗೆ ರೈಲೇ ಇಲ್ಲ, ಬಸ್ಸು ಹತ್ತಬೇಕು, ಅದೂ ಫ್ಲಾರೆನ್ಸ್ ಕಡೆಯಿಂದ ಹತ್ತಿರ. ಅಸ್ಸೀಸಿಗೆ ರೈಲಿದೆ, ಆದರೆ ಸ್ಟೇಷನ್ ಕೆಳಗೆ ಬಯಲಲ್ಲಿದೆ, ಊರಿಗೆ ಮತ್ತೆ ಬಸ್ಸು. ಬಾಡಿಗೆ ಕಾರು ತಗೊಳ್ಳೋಣ ಅಂತಲೂ ಯೋಚಿಸಿದೆವು. ಈ ಹಳೇ ಊರುಗಳ ಒಳಗೆ ಹೊರಗಿನವರ ಕಾರು ಬಿಡುವುದಿಲ್ಲ, ಗೊತ್ತಾಗದೆ ನುಗ್ಗಿದರೆ ಕ್ಯಾಮೆರಾ ಹಿಡಿದು ದಂಡದ ಕಾಗದ ಕಳಿಸುತ್ತದೆ ಅಂತ ಓದಿ ಬಿಟ್ಟೆವು. ಓರ್ವಿಯೆಟೊ ಹಾಗಲ್ಲ. ರೋಮಿನಿಂದ ನೇರ ರೈಲು. ಸ್ಟೇಷನ್ ಎದುರಿಗೇ ಗುಡ್ಡ ಹತ್ತುವ ಹಗ್ಗದ ರೈಲು. ಮೇಲೆ ಇಳಿದರೆ ಚಿಕ್ಕ ಬಸ್ಸು. ಅತ್ತೆ ಒಂದು ಏರೂ ಹತ್ತಬೇಕಿಲ್ಲ. ಅಲ್ಲಿಗೆ ತೀರ್ಮಾನ ಆಯಿತು.

ರೈಲಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮವರು ಎಡವುವುದು ಇಲ್ಲೇ. ರೋಮಿನ ತೆರ್ಮಿನಿ ಸ್ಟೇಷನ್ನಿಂದ ಟ್ರೆನಿಟಾಲಿಯಾದ (ಅಲ್ಲಿನ ಸರ್ಕಾರಿ ರೈಲು ಕಂಪನಿ) ರೀಜನಲ್ ರೈಲಿಗೆ, ಅಂದರೆ ಹತ್ತಿರದ ಊರುಗಳಿಗೆ ಓಡುವ ರೈಲಿಗೆ, ಟಿಕೆಟ್ ತಗೊಳ್ಳಿ. ಒಂದೂಕಾಲು ಗಂಟೆ ಆಚೀಚೆ, ಹೆಚ್ಚು ಕಡಿಮೆ ನಾವು ಬೆಂಗಳೂರಿಗೆ ಹೋಗುವುದಕ್ಕಿಂತ ಬೇಗ. ತಲಾ ಹತ್ತು ಯೂರೋ ಒಳಗೇ ಆಯಿತು. ರೀಜನಲ್ ರೈಲಿನ ರೇಟು ಮೊದಲೇ ಬುಕ್ ಮಾಡಿದರೂ ಅಷ್ಟೇ, ಅವತ್ತೇ ತಗೊಂಡರೂ ಅಷ್ಟೇ. ಸೀಟ್ ನಂಬರ್ ಇರುವುದಿಲ್ಲ, ಸಿಕ್ಕಲ್ಲಿ ಕೂರುವುದು. ಪೇಪರ್ ಟಿಕೆಟ್ ಆದರೆ ರೈಲು ಹತ್ತುವ ಮುಂಚೆ ಪ್ಲಾಟ್‌ಫಾರಂ ಹತ್ತಿರದ ಚಿಕ್ಕ ಮಿಷನ್ನಿಗೆ ತೂರಿಸಿ ಮುದ್ರೆ ಹಾಕಿಸಲೇಬೇಕು. ಮೊಬೈಲ್ ಟಿಕೆಟ್ ಆದರೆ ಚೆಕ್ ಇನ್ ಒತ್ತಬೇಕು. ಇದನ್ನು ಮರೆತರೆ ಟಿಕೆಟ್ ಕೈಯಲ್ಲಿದ್ದರೂ ದಂಡ ಹಾಕುತ್ತಾರೆ.

ಇನ್ನೊಂದು, ಪ್ಲಾಟ್‌ಫಾರಂ. ನಮ್ಮ ರೈಲು ಬೋರ್ಡಿನಲ್ಲಿ 2 ಎಸ್ಟ್ ಅಂತ ತೋರಿಸಿತು. ಎರಡನೇ ಪ್ಲಾಟ್‌ಫಾರಂ ಅಂದುಕೊಂಡು ಆರಾಮಾಗಿ ಕಾಫಿ ಕುಡಿಯುತ್ತಿದ್ದೆವು. ಎಸ್ಟ್ ಅಂದರೆ ಪೂರ್ವ, ಅದು ಬೇರೆಯೇ ಪ್ಲಾಟ್‌ಫಾರಂ, ಪಕ್ಕದ ಪ್ಲಾಟ್‌ಫಾರಂ ಉದ್ದಕ್ಕೂ ಕೊನೆತನಕ ನಡೆದು ಹೋಗಬೇಕು. ಅತ್ತೆಯನ್ನು ಕೈಹಿಡಿದು ನಡೆಸಿಕೊಂಡು ಹೋಗಿ ಬಾಗಿಲು ಮುಚ್ಚುವ ಎರಡು ನಿಮಿಷ ಮುಂಚೆ ಹತ್ತಿದೆವು. ಅರ್ಧ ಗಂಟೆ ಮುಂಚೆಯೇ ಸ್ಟೇಷನ್‌ನಲ್ಲಿರಿ. ಹಾಗೇ ಹಿಂದಿನ ದಿನ ಹೋಟೆಲ್‌ನಲ್ಲಿ ಒಂದು ಮಾತು ಕೇಳಿ, ನಾಳೆ ಶೋಪೆರೊ ಇದೆಯಾ ಅಂತ. ಶೋಪೆರೊ ಅಂದರೆ ಮುಷ್ಕರ. ಅಲ್ಲಿ ಅದು ಆಗಾಗ ಇರುತ್ತದೆ, ಮುಂಚೆಯೇ ತಿಳಿಸಿರುತ್ತಾರೆ. ಕೆಲಸದ ದಿನಗಳಲ್ಲಿ ಮುಷ್ಕರ ಇದ್ದರೂ ಬೆಳಗ್ಗೆ 6ರಿಂದ 9, ಸಂಜೆ 6ರಿಂದ 9 ಮುಖ್ಯವಾದ ರೈಲುಗಳನ್ನು ಓಡಿಸಲೇಬೇಕು ಅಂತ ನಿಯಮ ಇದೆ. ನಾವು ಎಂಟು ಗಂಟೆಯ ಆಸುಪಾಸಿನ ರೈಲೇ ಆರಿಸಿಕೊಂಡಿದ್ದಕ್ಕೆ ಇದೂ ಒಂದು ಕಾರಣ.

ಓರ್ವಿಯೆಟೊ ಹತ್ತಿರ ಬಂದಾಗ ಕಿಟಕಿಯಲ್ಲಿ ಮೊದಲು ಕಾಣುವುದು ಊರಲ್ಲ, ಬಂಡೆ. ಕಂದು ಬಣ್ಣದ ದೊಡ್ಡ ಬಂಡೆ, ನಾಲ್ಕೂ ಕಡೆ ಕತ್ತರಿಸಿಟ್ಟ ಹಾಗೆ ನೆಟ್ಟಗೆ, ಅದರ ತಲೆಯ ಮೇಲೆ ಊರು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆತ್ತನೆಯ ಕಲ್ಲು ಅದು, ಟೂಫೊ ಅನ್ನುತ್ತಾರೆ. ರೋಮನ್ನರಿಗಿಂತ ಮುಂಚೆ ಎಟ್ರುಸ್ಕನ್ ಜನ ಇಲ್ಲಿ ಇದ್ದರು, ಕ್ರಿಸ್ತಪೂರ್ವ 264ರಲ್ಲಿ ರೋಮನ್ನರು ಬಂದು ಊರನ್ನು ನೆಲಸಮ ಮಾಡಿದರು. ನಮ್ಮತ್ತೆ ಪಾಂಡವಪುರದ ಕಡೆಯವರು, ಚಿಕ್ಕಂದಿನಿಂದ ವೈರಮುಡಿಗೆ ಮೇಲುಕೋಟೆ ಹತ್ತಿದವರು. ಕಿಟಕಿಗೆ ಮುಖ ಇಟ್ಟು ನೋಡಿ, "ನಮ್ಮ ಮೇಲುಕೋಟೆ ಥರಾನೇ ಕಣಮ್ಮ, ದೇವರನ್ನ ಮೇಲೆ ಕೂರಿಸಿಬಿಟ್ಟು ಜನ ಸುತ್ತ ಮನೆ ಕಟ್ಟಿಕೊಂಡವ್ರೆ" ಅಂದರು. ಅಲ್ಲಿಂದ ಇಡೀ ದಿನ ಅವರಿಗೆ ಯಾವುದೂ ಪರಸ್ಥಳ ಅನ್ನಿಸಲೇ ಇಲ್ಲ.

ಹಗ್ಗದ ರೈಲಿಗೆ ಅಲ್ಲಿ ಫುನಿಕೊಲಾರೆ ಅಂತ ಹೆಸರು. 1888ರಲ್ಲಿ ಶುರುವಾಗಿದ್ದು, ಆಗ ನೀರಿನ ಭಾರದಿಂದ ಓಡುತ್ತಿತ್ತು. ಮೇಲಿನ ಡಬ್ಬಿಗೆ ನೀರು ತುಂಬುವುದು, ಅದು ಇಳಿಯುವಾಗ ಕೆಳಗಿನದನ್ನು ಎಳೆದುಕೊಳ್ಳುವುದು. ನಡುವೆ ನಿಂತುಹೋಗಿ 1990ರಲ್ಲಿ ಕರೆಂಟಿನ ಮೇಲೆ ಮತ್ತೆ ಶುರು ಮಾಡಿದರು. ಕೆಲವೇ ನಿಮಿಷದಲ್ಲಿ ಮೇಲೆ ಇರುತ್ತೀರಿ. ಇಳಿದ ತಕ್ಷಣ ಪಕ್ಕದಲ್ಲೇ ಹಳೇ ಕೋಟೆಯ ಉದ್ಯಾನ, ಅಲ್ಲಿಂದ ಕೆಳಗಿನ ಕಣಿವೆ ಪೂರ್ತಿ ಕಾಣುತ್ತದೆ. ಅದರ ಪಕ್ಕದಲ್ಲೇ ಆ ಬಾವಿ.

ಸಾನ್ ಪಾತ್ರಿಜಿಯೊ ಬಾವಿ. ಇದಕ್ಕೋಸ್ಕರವೇ ನಾನು ಮತ್ತೊಮ್ಮೆ ಅಲ್ಲಿಗೆ ಹೋಗಲು ತಯಾರಿದ್ದೇನೆ. 1527ರಲ್ಲಿ ರೋಮ್ ನಗರವನ್ನು ಚಕ್ರವರ್ತಿಯ ಸೈನಿಕರು ಲೂಟಿ ಮಾಡಿದಾಗ ಏಳನೇ ಕ್ಲೆಮೆಂಟ್ ಪೋಪ್ ತಪ್ಪಿಸಿಕೊಂಡು ಈ ಬಂಡೆಯ ಮೇಲೆ ಬಂದು ಕೂತರು. ಬಂಡೆ ಶತ್ರುವಿನಿಂದ ಕಾಪಾಡುತ್ತದೆ ಸರಿ, ಮುತ್ತಿಗೆ ಹಾಕಿದರೆ ಕುಡಿಯುವ ನೀರು? ಅದಕ್ಕೆ ಆಂಟೋನಿಯೊ ದ ಸಾಂಗಾಲೊ ಅನ್ನುವ ವಾಸ್ತುಶಿಲ್ಪಿಯ ಕೈಲಿ ಈ ಬಾವಿ ತೋಡಿಸಲು ಶುರು ಮಾಡಿಸಿದರು. ಮುಗಿದಿದ್ದು 1537ರಲ್ಲಿ, ಅಷ್ಟರಲ್ಲಿ ಆ ಪೋಪ್ ತೀರಿಹೋಗಿದ್ದರು. 53 ಮೀಟರ್ ಆಳ, 13 ಮೀಟರ್ ಅಗಲ. ಬಾವಿಯ ಸುತ್ತ ಎರಡು ಮೆಟ್ಟಿಲ ದಾರಿ, ಹಗ್ಗದ ಎರಡು ಎಳೆ ಹೊಸೆದ ಹಾಗೆ ಒಂದರ ಮೇಲೊಂದು ಸುತ್ತಿಕೊಂಡು ಇಳಿಯುತ್ತವೆ, ಆದರೆ ಎಲ್ಲೂ ಸೇರುವುದಿಲ್ಲ. ಹೇಸರಗತ್ತೆಗಳು ಖಾಲಿ ಪಾತ್ರೆ ಹೊತ್ತು ಒಂದು ದಾರಿಯಲ್ಲಿ ಇಳಿದು, ತಳದ ಸಣ್ಣ ಸೇತುವೆ ದಾಟಿ, ನೀರು ಹೊತ್ತು ಇನ್ನೊಂದು ದಾರಿಯಲ್ಲಿ ಹತ್ತುತ್ತಿದ್ದವು. ಇಳಿಯುವ ಕತ್ತೆಗೆ ಹತ್ತುವ ಕತ್ತೆ ಎದುರಾಗುವುದೇ ಇಲ್ಲ. ಒಂದೊಂದು ದಾರಿಗೂ 248 ಮೆಟ್ಟಿಲು, ಪ್ರಾಣಿಗಳಿಗೆ ಅಂತ ಅಗಲವಾಗಿ ತಗ್ಗಾಗಿ ಕಟ್ಟಿದ್ದು. ಒಳಗೋಡೆಯಲ್ಲಿ ಸುಮಾರು 70 ಕಿಟಕಿ, ಮೇಲಿನ ಬೆಳಕು ಅವುಗಳಲ್ಲಿ ಹಾದು ಮೆಟ್ಟಿಲ ಮೇಲೆ ಬೀಳುತ್ತದೆ.

ಕನ್ನಂಬಾಡಿಯಲ್ಲಿ ನೀರು ಎಷ್ಟು ಅಡಿ ಇದೆ ಅಂತ ದಿನಾ ಬೆಳಗ್ಗೆ ಪೇಪರಲ್ಲಿ ನೋಡುವ ಮನೆ ನಮ್ಮದು. ಆ ಬಾವಿಯ ತಳದಲ್ಲಿ ನಿಂತು ಮೇಲೆ ನೋಡಿದಾಗ ಒಂದು ನಾಣ್ಯದಷ್ಟು ಆಕಾಶ ಕಂಡಿತು. ಅಷ್ಟು ನೀರಿಗೆ ಹತ್ತು ವರ್ಷ ಕಲ್ಲು ಒಡೆದರಲ್ಲ ಅಂತ ಕಣ್ಣು ತುಂಬಿಬಂತು. ಬಾವಿಯ ಮೇಲೆ ಲ್ಯಾಟಿನ್ನಿನಲ್ಲಿ ಒಂದು ಸಾಲು ಕೆತ್ತಿದ್ದಾರೆ. ಪ್ರಕೃತಿ ಈ ಕೋಟೆಗೆ ಕೊಡದೇ ಹೋದದ್ದನ್ನು ದುಡಿಮೆ ಕೊಟ್ಟಿತು ಅಂತ ಅದರ ಅರ್ಥ.

ಒಂದು ವಿಷಯ: ನಾವು ಬಾವಿಯನ್ನು ಸಂಜೆಗೆ ಇಟ್ಟುಕೊಂಡಿದ್ದೆವು, ಅದು ತಪ್ಪಾಯಿತು. ಇಡೀ ದಿನ ಕಲ್ಲುಹಾಸಿನ ಬೀದಿಯಲ್ಲಿ ನಡೆದು ಕೊನೆಗೆ ಇಳಿದು ಹತ್ತುವಾಗ ಕಾಲು ನಡುಗಿತು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಅಭ್ಯಾಸ ಇದ್ದರೂ ಇಲ್ಲಿ ಮೊದಲು ಇಳಿದು ಆಮೇಲೆ ಹತ್ತಬೇಕು, ಅದು ಬೇರೆ ಥರ. ನೀವು ಹಗ್ಗದ ರೈಲು ಇಳಿದ ಕೂಡಲೇ, ಕಾಲು ಹುರುಪಾಗಿರುವಾಗಲೇ ಮುಗಿಸಿಬಿಡಿ. ಮಂಡಿ ನೋವಿರುವವರನ್ನು ಇಳಿಸಬೇಡಿ. ಅತ್ತೆ ಕೋಟೆಯ ಉದ್ಯಾನದಲ್ಲಿ ಮರದ ಕೆಳಗೆ ಬೆಂಚಿನ ಮೇಲೆ ಕೂತಿದ್ದರು, ನಾವು ವೀಡಿಯೋ ಮಾಡಿ ತಂದು ತೋರಿಸಿದೆವು.

ಈಗ ಡುವೋಮೊ, ಅಂದರೆ ಊರಿನ ದೊಡ್ಡ ಚರ್ಚು. ಸೇಂಟ್ ಫಿಲೋಮಿನಾ ಚರ್ಚ್ ನೋಡಿಕೊಂಡು ಬೆಳೆದ ನಮಗೆ ಎತ್ತರದ ಚರ್ಚು ಹೊಸದಲ್ಲ. ಆದರೂ ಬೀದಿಯ ತಿರುವಿನಲ್ಲಿ ಇದು ಎದುರಿಗೆ ಬಂದಾಗ ಮೂವರೂ ನಿಂತುಬಿಟ್ಟೆವು. ಪಕ್ಕದ ಗೋಡೆಗಳಿಗೆ ಕಪ್ಪು ಬಿಳಿ ಕಲ್ಲಿನ ಪಟ್ಟೆ ಪಟ್ಟೆ, ಮುಂಭಾಗಕ್ಕೆ ಬಂಗಾರದ ಹಿನ್ನೆಲೆಯ ಮೊಸಾಯಿಕ್ ಚಿತ್ರಗಳು, ಅಂದರೆ ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರಗಳು. ಅಡಿಗಲ್ಲು ಹಾಕಿದ್ದು 1290ರಲ್ಲಿ. ಹದಿಮೂರನೇ ಶತಮಾನ ಅಂದರೆ ನಮ್ಮ ಸೋಮನಾಥಪುರದ ಕೇಶವ ದೇವಸ್ಥಾನ ಕಟ್ಟಿದ ಶತಮಾನವೇ. ಇದು ತಲೆಯಲ್ಲಿ ಬಂದಮೇಲೆ ನನಗೆ ಆ ಮುಂಭಾಗ ನೋಡುವ ರೀತಿಯೇ ಬದಲಾಯಿತು. ಅಲ್ಲಿ ಹೊಯ್ಸಳರ ಶಿಲ್ಪಿಗಳು ಗೋಡೆಯ ಸುತ್ತ ರಾಮಾಯಣ ಮಹಾಭಾರತ ಕೆತ್ತಿದರು. ಇಲ್ಲಿ ಮುಂಭಾಗದ ನಾಲ್ಕು ದಪ್ಪ ಕಂಬಗಳ ಮೇಲೆ ಬೈಬಲ್ ಕೆತ್ತಿದ್ದಾರೆ. ಎಡಗಡೆಯ ಕೊನೆಯ ಕಂಬದಲ್ಲಿ ಸೃಷ್ಟಿ, ಬಲಗಡೆಯ ಕೊನೆಯದರಲ್ಲಿ ಕೊನೆಯ ತೀರ್ಪಿನ ದಿನ. ಓದು ಬಾರದವರೂ ನಿಂತು ನೋಡಿ ಕಥೆ ತಿಳಿದುಕೊಳ್ಳಬಹುದು. ಅತ್ತೆಗೆ ಆದಾಮನ ಪಕ್ಕೆಲುಬು ತೆಗೆಯುವ ದೃಶ್ಯ ತೋರಿಸಿದೆ, ಉಳಿದದ್ದನ್ನು ಅವರೇ ಬೆರಳಿಟ್ಟು ಒಂದೊಂದಾಗಿ ಕೇಳುತ್ತಾ ಹೋದರು. ಅಲ್ಲೇ ಮುಕ್ಕಾಲು ಗಂಟೆ ಆಯಿತು. ಬಸ್ ಟೂರಿನಲ್ಲಿ ಬಂದಿದ್ದರೆ ನಮಗೆ ಸಿಕ್ಕ ಸಮಯದ ಅರ್ಧ ಇಲ್ಲೇ ಮುಗಿದಿರುತ್ತಿತ್ತು.

ಒಳಗೆ ಟಿಕೆಟ್ ಇದೆ, ಭುಜ ಮಂಡಿ ಮುಚ್ಚುವ ಬಟ್ಟೆ ಬೇಕು. ಸೀರೆ, ಚೂಡಿದಾರಕ್ಕೆ ಏನೂ ತೊಂದರೆಯಿಲ್ಲ. ಭಾನುವಾರ ಬೆಳಗ್ಗೆ ಪ್ರಾರ್ಥನೆ ಇರುತ್ತದೆ, ಆ ಹೊತ್ತು ಸುತ್ತಾಡಿ ನೋಡಲು ಹೋಗಬೇಡಿ, ಬೇರೆ ದಿನ ಆರಿಸಿಕೊಳ್ಳಿ. ಬಲಗಡೆಯ ಸಾನ್ ಬ್ರಿಜಿಯೊ ಗುಡಿಯನ್ನು ಬಿಡಲೇಬೇಡಿ. ಲೂಕಾ ಸಿನ್ಯೊರೆಲ್ಲಿ ಅನ್ನುವ ಚಿತ್ರಕಾರ 1499ರಿಂದ 1504ರ ತನಕ ಅಲ್ಲಿ ಗೋಡೆ ತುಂಬಾ ಲೋಕದ ಕೊನೆಯನ್ನು ಬರೆದಿದ್ದಾನೆ. ಸತ್ತವರು ನೆಲದೊಳಗಿಂದ ಕೈ ಊರಿ ಎದ್ದು ಬರುತ್ತಿದ್ದಾರೆ, ಕೆಲವರಿಗೆ ಇನ್ನೂ ಮೈ ಮಾಂಸ ತುಂಬಿಲ್ಲ, ಬರೀ ಎಲುಬು. ರೋಮಿನ ಸಿಸ್ಟೀನ್ ಚಾಪೆಲ್‌ನಲ್ಲಿ ಮೈಕೆಲ್ಯಾಂಜೆಲೊ ಇದೇ ವಿಷಯವನ್ನು ಬರೆದಿದ್ದು ಇದಾಗಿ ಮೂವತ್ತು ವರ್ಷಕ್ಕೂ ಹೆಚ್ಚು ಆದಮೇಲೆ. ಅಲ್ಲಿ ಕಾವಲುಗಾರರು ಜನರನ್ನು ಮುಂದೆ ಮುಂದೆ ತಳ್ಳುತ್ತಿದ್ದರು, ನಿಂತು ನೋಡಲು ಆಗಲಿಲ್ಲ. ಇಲ್ಲಿ ನಾವು ಬೆಂಚಿನ ಮೇಲೆ ಕೂತು ಕತ್ತು ಎತ್ತಿಕೊಂಡು ಬೇಕಾದಷ್ಟು ಹೊತ್ತು ನೋಡಿದೆವು.

ಮುಂಭಾಗ ಇರುವುದು ಪಶ್ಚಿಮದ ಕಡೆಗೆ. ಹಾಗಾಗಿ ಬೆಳಗ್ಗೆ ಒಳಗೆ ನೋಡಿ, ಇಳಿಹೊತ್ತಿಗೆ ಇನ್ನೊಂದು ಸಲ ಹೊರಗೆ ಬಂದು ನಿಲ್ಲಿ. ಬಿಸಿಲು ನೇರವಾಗಿ ಬಿದ್ದು ಬಂಗಾರದ ಚೂರುಗಳೆಲ್ಲ ಹೊಳೆಯುತ್ತವೆ. ದಸರಾದಲ್ಲಿ ಅರಮನೆಗೆ ದೀಪ ಹಾಕಿದಾಗ ಒಂದು ಕ್ಷಣ ಎಲ್ಲರೂ ಸುಮ್ನಾಗುತ್ತಾರಲ್ಲ, ಹಾಗೆ.

ಊಟದ ವಿಷಯಕ್ಕೆ ಬರುತ್ತೇನೆ, ಇದೇ ಅಲ್ವಾ ನಮ್ಮವರ ಮೊದಲ ಪ್ರಶ್ನೆ. ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಇಟಲಿಯಲ್ಲಿ ಕೈಯಿಂದ ಮಾಡಿದ ಹಸಿ ಪಾಸ್ತಾಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ. ಆದರೆ ಈ ಕಡೆಯ ಸ್ಥಳೀಯ ಪಾಸ್ತಾ ಉಂಬ್ರಿಕೆಲ್ಲಿ ಅಂತ, ಬರೀ ಹಿಟ್ಟು ನೀರಲ್ಲಿ ಮಾಡುವುದು. ನಮ್ಮ ಒತ್ತು ಶಾವಿಗೆಗಿಂತ ಸ್ವಲ್ಪ ದಪ್ಪ. ಟೊಮೇಟೊ ಸಾಸ್ ಅಥವಾ ಟ್ರಫಲ್ ಅನ್ನುವ ನೆಲದೊಳಗಿನ ಅಣಬೆ ತುರಿದು ಹಾಕಿ ಕೊಡುತ್ತಾರೆ. ಆದರೂ ಅಡುಗೆಮನೆಯಲ್ಲಿ ಒಂದು ಸಲ ಕೇಳಿಸಿ, ಸೆಂತ್ಸಾ ಊವೊ ಅಂದರೆ ಮೊಟ್ಟೆ ಇಲ್ಲದೆ, ಸೆಂತ್ಸಾ ಕಾರ್ನೆ ಅಂದರೆ ಮಾಂಸ ಇಲ್ಲದೆ. ಪಾರ್ಮೆಸಾನ್ ಚೀಸ್ ಮಾಡುವಾಗ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ, ಕಟ್ಟುನಿಟ್ಟಾದವರು ಚೀಸ್ ಬೇಡ ಅಂತ ಹೇಳಬೇಕು. ನಾವು ದೊಡ್ಡ ಬೀದಿ ಕೊರ್ಸೊ ಕವೂರ್ ಬಿಟ್ಟು ಒಂದು ಓಣಿಯೊಳಗೆ ಹೋಗಿ ಒಂದು ಚಿಕ್ಕ ಹೋಟೆಲ್‌ನಲ್ಲಿ ಕೂತೆವು. ಮನೆಯವರೇ ನಡೆಸುವ ಜಾಗ. ಬ್ರೆಡ್ಡು ತಂದಿಟ್ಟರು, ಒಂದು ಚೂರೂ ಉಪ್ಪಿಲ್ಲ. ಆ ಕಡೆಯ ಬ್ರೆಡ್ಡೇ ಹಾಗಂತೆ, ಹಿಂದೆ ಪೋಪರು ಉಪ್ಪಿನ ಮೇಲೆ ತೆರಿಗೆ ಹಾಕಿದ ಸಿಟ್ಟಿಗೆ ಉಪ್ಪು ಬಿಟ್ಟರು ಅಂತ ಜನ ಹೇಳುತ್ತಾರೆ. ಅತ್ತೆ ಬ್ಯಾಗಿನಿಂದ ಚಟ್ನಿಪುಡಿ ತೆಗೆದು, ಮೇಲೆ ಅವರದೇ ಆಲಿವ್ ಎಣ್ಣೆ ಹಾಕಿಕೊಂಡು ತಿಂದರು. ಹೋಟೆಲಿನಮ್ಮ ಬಂದು ನೋಡಿ ತಾನೂ ಒಂದು ಚೂರು ಅದ್ದಿಕೊಂಡಳು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ, ಆದರೂ ಎಣ್ಣೆ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಬರುವಾಗ ಉಳಿದ ಪೊಟ್ಟಣ ಅತ್ತೆ ಅಲ್ಲೇ ಕೊಟ್ಟು ಬಂದರು.

ಬಿಲ್ಲಿನಲ್ಲಿ ಕೊಪೆರ್ತೊ ಅಂತ ತಲೆಗೆ ಇಷ್ಟು ಅಂತ ಸೇರಿಸಿರುತ್ತಾರೆ, ಅದು ಅಲ್ಲಿನ ಪದ್ಧತಿ, ಮೋಸ ಅಲ್ಲ. ಹನ್ನೆರಡೂವರೆ ಒಂದು ಗಂಟೆಗೆಲ್ಲ ಊಟಕ್ಕೆ ಕೂತುಬಿಡಿ. ಮಧ್ಯಾಹ್ನ ಹೊತ್ತು ಮೀರಿದರೆ ಅಡುಗೆಮನೆ ಮುಚ್ಚುತ್ತದೆ, ಮತ್ತೆ ತೆರೆಯುವುದು ರಾತ್ರಿ ಊಟಕ್ಕೇ. ಅಂಗಡಿಗಳೂ ತುಂಬಾ ಕಡೆ ಹಾಗೇ. ಆ ಖಾಲಿ ಹೊತ್ತಿಗೆ ಸರಿಹೋಗುವುದು ನೆಲದ ಕೆಳಗಿನ ಓರ್ವಿಯೆಟೊ. ಮೆತ್ತನೆ ಕಲ್ಲಾದ್ದರಿಂದ ಜನ ಎರಡೂವರೆ ಸಾವಿರ ವರ್ಷದಿಂದ ಮನೆ ಕೆಳಗೆ ಕೊರೆಯುತ್ತಲೇ ಬಂದಿದ್ದಾರೆ, ಸುಮಾರು 1200 ಗುಹೆ ಇವೆಯಂತೆ. ಗೈಡ್ ಜೊತೆಗೇ ಹೋಗಬೇಕು, ಇಂಗ್ಲಿಷ್ ಗೈಡ್ ಇರುವ ಸಮಯವನ್ನು ಬೆಳಗ್ಗೆಯೇ ಡುವೋಮೊ ಎದುರಿನ ಆಫೀಸಿನಲ್ಲಿ ಕೇಳಿ ಟಿಕೆಟ್ ತಗೊಳ್ಳಿ. ಆಲಿವ್ ಎಣ್ಣೆಯ ಗಾಣ, ಎಟ್ರುಸ್ಕನ್ನರ ಕಿರಿದಾದ ಬಾವಿಗಳು, ಗೋಡೆ ತುಂಬಾ ಪಾರಿವಾಳ ಸಾಕುತ್ತಿದ್ದ ಚೌಕ ಚೌಕ ಗೂಡುಗಳು. ಕೆಲವು ಕಡೆ ದಾರಿ ತುಂಬಾ ಇಕ್ಕಟ್ಟು. ನಮ್ಮ ಮನೆಯವರು ಒಬ್ಬರೇ ಹೋಗಿಬಂದರು, ನಾನು ಅತ್ತೆ ಜೊತೆ ನೆರಳಲ್ಲಿ ಜೆಲಾಟೊ, ಅಂದರೆ ಅಲ್ಲಿನ ಐಸ್‌ಕ್ರೀಂ, ತಿನ್ನುತ್ತಾ ಕೂತಿದ್ದೆ.

ಹತ್ತಿರದಲ್ಲೇ ಚಿವಿತಾ ಅಂತ ಇನ್ನೊಂದು ಊರಿದೆ, ಮಣ್ಣು ಕುಸಿಯುತ್ತಾ ಬಂದು ಈಗ ಒಂದು ಉದ್ದ ಕಾಲುಸೇತುವೆಯ ಮೇಲಷ್ಟೇ ಹೋಗಬಹುದಾದ ಊರು. ಬಸ್ಸಿದೆ, ಅದನ್ನೂ ಸೇರಿಸೋಣ ಅಂತ ಮನಸ್ಸಾಗಿತ್ತು. ಸೇರಿಸಲಿಲ್ಲ. ಅದನ್ನು ಸೇರಿಸಿದ್ದರೆ ಚಟ್ನಿಪುಡಿಯ ಆ ಊಟವೂ ಇರುತ್ತಿರಲಿಲ್ಲ, ಸಂಜೆಯ ಬಿಸಿಲಲ್ಲಿ ಡುವೋಮೊ ಎದುರು ಎರಡನೇ ಸಲ ಕೂರುವುದೂ ಇರುತ್ತಿರಲಿಲ್ಲ.

ಹೋಗುವವರಿಗೆ ಇನ್ನೆರಡು ಮಾತು. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಸಿ, ಕಲ್ಲುಹಾಸು ಸವೆದು ನುಣುಪಾಗಿದೆ. ಹಗ್ಗದ ರೈಲಿನ ಕೊನೆಯ ಸಮಯವನ್ನು ಬೆಳಗ್ಗೆ ಇಳಿದಾಗಲೇ ಬೋರ್ಡಿನಲ್ಲಿ ನೋಡಿ ಫೋಟೋ ತೆಗೆದಿಟ್ಟುಕೊಳ್ಳಿ. ವಾಪಸ್ ಬರಲು ಒಂದು ರೈಲು ನೋಡಿಟ್ಟುಕೊಂಡರೆ ಸಾಲದು, ಅದರ ನಂತರದ್ದನ್ನೂ ನೋಡಿಟ್ಟುಕೊಳ್ಳಿ.

ವಾಪಸ್ ರೈಲಿನಲ್ಲಿ ಅತ್ತೆ ಮೈಸೂರಿನಿಂದ ತಂದಿದ್ದ ಕೊನೆಯ ನಾಲ್ಕು ಮದ್ದೂರು ವಡೆ ತೆಗೆದು ಹಂಚಿದರು. "ಆ ಇನ್ನೊಂದೂರು ಇತ್ತಲ್ಲ, ಬಸ್ಸಿನವನು ಹೇಳಿದ್ದು, ಅದಕ್ಕೂ ಹಿಂಗೇ ಒಂದು ದಿನ ಪೂರ್ತಿ ಇಟ್ಟುಕೊಂಡು ಬರೋಣ ಕಣಮ್ಮ" ಅಂದರು. ಅಸ್ಸೀಸಿಗೆ ವಯಸ್ಸಾದವರ ಜೊತೆ ರೈಲಲ್ಲಿ ಹೋಗಿಬಂದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಸ್ಟೇಷನ್ನಿಂದ ಮೇಲೆ ಹೋಗುವ ಬಸ್ಸಿಗೆ ಹತ್ತುವ ಮೆಟ್ಟಿಲು ಎಷ್ಟು ಎತ್ತರ, ಬಸ್ಸಿಳಿದ ಮೇಲೆ ನಡೆಯುವುದು ಎಷ್ಟು ದೂರ, ಇವೆರಡು ಗೊತ್ತಾದರೆ ಸಾಕು.